ಗಣಕಯಂತ್ರದ ದುಭಾಷಿಗಳು

ಗಣಕಯಂತ್ರಕ್ಕೆ ಜೋಡಿಸಿದ ಮುದ್ರಣಯಂತ್ರವೇ ಆಗಲಿ, ಜಾಲಸಂಪರ್ಕದ ಕಾರ್ಡೇ ಆಗಲಿ, ತನ್ನದೇ ಆದ ಸಂಕೇತಗಳಿಗೆ ಮಾತ್ರ ಓಗೊಡುತ್ತದೆ. ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಂದು ಸಾಧನದ ಭಾಷೆಯನ್ನೂ ತಾನೇ ಅರಿತಿರಲಾರದು. ಆದುದರಿಂದ ಇವೆರಡರ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೊಂದು ಅವಶ್ಯಕ. ಅದಕ್ಕೆ ಡ್ರೈವರ್ ಎಂದು ಹೆಸರು.

ಡಿಸ್ಕು ಕೆಟ್ಟು, ವಿಂಡೋಸನ್ನು ಹೊಸದಾಗಿ ಸ್ಥಾಪಿಸಬೇಕಾಯಿತೆನ್ನೋಣ. ಅನೇಕ ಸಾಧನಗಳ ಡ್ರೈವರುಗಳು ವಿಂಡೋಸಿನಲ್ಲಿಯೇ ಅಡಕವಾಗಿರುತ್ತವೆ. ಉಳಿದವನ್ನು ಅಂತರಜಾಲದಿಂದ ಪಡೆಯಬಹುದು. ಆದರೆ ದೊರೆಯದೆ ಉಳಿದುದು ಜಾಲಕಾರ್ಡಿನ ಡ್ರೈವರೇ ಆದರೆ? ಹಗ್ಗವನ್ನು ಬಾವಿಯೊಳಗೆ ಬೀಳಿಸಿ ನೀರು ಸೇದಹೊರಟವನ ಪಾಡು ನಮ್ಮದಾಗುತ್ತದೆ! ಪ್ರಯೋಗಶಾಲೆಯ ಹಳೆಯ ಉಪಕರಣದ ಡ್ರೈವರನ್ನು ತಯಾರಕರು ಒದಗಿಸುವುದನ್ನೇ ನಿಲ್ಲಿಸಿದ್ದರಂತೂ, ಉಪಕರಣವು ಸುಸ್ಥಿತಿಯಲ್ಲಿದ್ದರೂ ಮೂಕವಾಗುವುದು.

ಯಂತ್ರವು ಸರಿಯಾಗಿರುವಾಗಲೇ ಡ್ರೈವರುಗಳ ಪ್ರತಿ ತೆಗೆದಿಡುವುದೇ ಇದಕ್ಕೆ ಪರಿಹಾರ. ‘ಸಿಸ್’ ಎಂಬ ಕಡತದಲ್ಲಿ ಡ್ರೈವರಿನ ಕಾರ್ಯಭಾಗವಿರುತ್ತದೆ. ಅದನ್ನು ಯಾವ ಸಾಧನಕ್ಕೆ, ಹೇಗೆ ಸ್ಥಾಪಿಸಬೇಕೆಂಬ ವಿವರಗಳು ‘ಐಎನ್‌ಎಫ್’ ಕಡತದಲ್ಲಿಯೂ, ಕಡತಗಳನ್ನು ಯಾರೂ ತಿದ್ದಿಲ್ಲವೆಂಬ ಸಹಿಮುದ್ರೆಯು ‘ಕ್ಯಾಟ್’ ಕಡತದಲ್ಲಿಯೂ ಇರುತ್ತವೆ. ಆದ್ದರಿಂದ ‘ಸಿಸ್’ ಒಂದನ್ನೇ ನಕಲು ಮಾಡಿದರೆ ಸಾಲದು. ವಿಂಡೋಸ್ 10ರಲ್ಲಿ 2016ರಿಂದ ಈಚೆಗೆ, ಪಿಎನ್‌ಪಿಯುಟಿಲ್ ಎಂಬ ಸಲಕರಣೆಗೆ ‘ಎಕ್ಸ್‌ಪೋರ್ಟ್-ಡ್ರೈವರ್’ ಎಂಬ ಆದೇಶವನ್ನಿತ್ತು, ಹೊರಗಿನ ತಯಾರಕರ ಡ್ರೈವರುಗಳನ್ನೆಲ್ಲ ಇಡಿಯಾಗಿ ನಕಲಿಸಿಕೊಳ್ಳಬಹುದು. ಪ್ರತಿಯನ್ನು ಅದೇ ಡಿಸ್ಕಿನಲ್ಲಿಡದೆ ಪೆನ್‌ಡ್ರೈವಿನಲ್ಲಿ ಇಡತಕ್ಕದ್ದು. ಮುಂದೆ ‘ಆಡ್-ಡ್ರೈವರ್’ ಎಂಬ ಆದೇಶದಿಂದ ಅವನ್ನು ಮರಳಿ ಸ್ಥಾಪಿಸಬಹುದು. ಇದಕ್ಕೆ ಅಂತರಜಾಲದ ಹಂಗಿಲ್ಲ.

ಕೆಲಸವು ಕೆಲವೇ ನಿಮಿಷಗಳದು. ಆದರೆ ಅದನ್ನು ಮೊದಲೇ ಮಾಡಿರಬೇಕು. ಅಟ್ಟ ಮೇಲೆ ಒಲೆ ಉರಿದರೆ ಫಲವೇನು?