ಸೀಬೆಯ ಹಣ್ಣಿನ ಜೆಲ್ಲಿ

ಹಿತ್ತಿಲಲ್ಲಿ ಸೀಬೆಯ ಮರವಿರುವವರಿಗೆ ಅದರ ಪೇಚು ಗೊತ್ತು. ಕಾಯಿ ಬಲಿಯುವವರೆಗೆ ದಿನವೂ ಮರದ ಕಡೆ ನೋಡುತ್ತಿರುತ್ತೇವೆ. ಹಣ್ಣಾಗತೊಡಗಿದೊಡನೆ ಒಂದೇ ವಾರದಲ್ಲಿ ಬುಟ್ಟಿ ಬುಟ್ಟಿಯಾಗಿ ಬಂದು ಬೀಳುತ್ತದೆ. ಗಿಣಿ, ಅಳಿಲು, ಬಾವಲಿಗಳ ಪಾಲು ಕಳೆದು, ನೆರೆಮನೆಗಳಿಗೆ ಹಂಚಿದ ಮೇಲೂ ಮಿಕ್ಕುವುದೇ ಹೆಚ್ಚು. ನೆರೆಯವರ ಹಿತ್ತಿಲಲ್ಲಿಯೂ ಅದೇ ಹಣ್ಣು ಇರುವುದರಿಂದ ಅವರು ದಾಕ್ಷಿಣ್ಯಕ್ಕಾಗಿ ತೆಗೆದುಕೊಳ್ಳುತ್ತಾರೆ. ಹೀಗೆ ಮಿಕ್ಕುದನ್ನು ಬಹುಕಾಲ ಕೆಡದಂತೆ ಇಡಲು ಜೆಲ್ಲಿ ಒಂದು ಉಪಾಯ. ನಾವು ಎರಡು ಸಲ ಕೆಡಿಸಿ ಮೂರನೆಯ ಸಲ ಕಲಿತುದನ್ನು ಇಲ್ಲಿ ನಿವೇದಿಸುತ್ತೇವೆ.

ಹಣ್ಣಿನ ರಸ ಗಟ್ಟಿಯಾಗಿ ನಿಲ್ಲುವುದು ಪೆಕ್ಟಿನ್ ಎಂಬ ವಸ್ತುವಿನಿಂದ. ಫ್ರಾನ್ಸಿನ ಬ್ರಾಕೊನೊ ಎಂಬ ರಸಾಯನಶಾಸ್ತ್ರಜ್ಞನು 1825ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟನು. ಅದರ ಎಳೆಗಳು ರಸದಲ್ಲಿ ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಹುಳಿಯು ಈ ದೂಡಾಟವನ್ನು ತಗ್ಗಿಸುತ್ತದೆ. ಸಕ್ಕರೆಯು ಎಳೆಗಳ ಸುತ್ತಲಿನ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಆಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗಿ ರಸವನ್ನು ಹಿಡಿದು ನಿಲ್ಲಿಸುತ್ತವೆ. ಈ ಮೂರರಲ್ಲಿ ಒಂದು ಕಡಮೆಯಾದರೂ ಜೆಲ್ಲಿಯಾಗದು.

ಸೀಬೆಯಲ್ಲಿ ಪೆಕ್ಟಿನ್ ಸಮೃದ್ಧವಾಗಿದೆ. ಆದರೆ ಹಣ್ಣು ಮಾಗಿದಂತೆಲ್ಲ ಅದು ಒಡೆದು ಬಲಗುಂದುತ್ತದೆ. ಇದನ್ನರಿಯದೆ ಮೊದಲನೆಯ ವರ್ಷ ನಾವು ಘಮಘಮಿಸುವ ಕಳಿತ ಹಣ್ಣುಗಳನ್ನೇ ಆರಿಸಿದೆವು. ದೊರೆತುದು ಒಳ್ಳೆಯ ಷರಬತ್ತು. ಮೈ ಹಳದಿಗೆ ತಿರುಗಿದ್ದು, ಒತ್ತಿದರೆ ಇನ್ನೂ ಗಟ್ಟಿಯಾಗಿರುವ ದೋರೆಗಾಯಿಗಳೇ ಹೆಚ್ಚಾಗಿರಬೇಕು. ಪರಿಮಳಕ್ಕೆಂದು ನಾಲ್ಕಾರು ಹಣ್ಣು ಸೇರಿದರೆ ಸಾಕು.

ಸಿಪ್ಪೆ, ಬೀಜಗಳನ್ನು ತೆಗೆಯದೆ ತೆಳುವಾಗಿ ಹೆಚ್ಚಿ, ಮುಳುಗುವಷ್ಟು ನೀರು ಹೊಯ್ದು, ನಿಂಬೆಯ ರಸ ಹಿಂಡಿ ಅರ್ಧ ಗಂಟೆ ಬೇಯಿಸತಕ್ಕದ್ದು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆ ಕೂಡದು. ಬೆಂದುದನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗಹಾಕಬೇಕು. ಬಟ್ಟೆಯನ್ನು ಹಿಂಡುವ ಆಸೆ ಎಂಥವರಿಗೂ ಹುಟ್ಟುತ್ತದೆ. ಹಿಂಡಿದರೆ ರಸ ಕದಡಿಹೋಗುತ್ತದೆ. ಬೆಳಿಗ್ಗೆ ಒಂದು ಚಮಚ ರಸಕ್ಕೆ ಎರಡು ಚಮಚ ಸ್ಪಿರಿಟ್ ಬೆರಸಿ ನೋಡಿ. ಒಂದೇ ಮುದ್ದೆಯಾಗಿ ಹೆಪ್ಪುಗಟ್ಟಿದರೆ ಪಾವು ರಸಕ್ಕೆ ಪಾವು ಸಕ್ಕರೆ ಹಿಡಿಯುತ್ತದೆ. ಎರಡು ಮೂರು ತುಂಡಾದರೆ ಮುಕ್ಕಾಲು ಪಾವು. ಪುಡಿಪುಡಿಯಾದರೆ ರಸವನ್ನು ಇನ್ನಷ್ಟು ಬತ್ತಿಸಬೇಕು. ಪರೀಕ್ಷೆಗೆ ತೆಗೆದ ರಸವನ್ನು ಚೆಲ್ಲಿಬಿಡಿ. ಉರಿಸುವ ಸ್ಪಿರಿಟ್ ವಿಷ.

ಸಕ್ಕರೆ ಹಾಕಿ ಕರಗಿದ ಮೇಲೆ ಉರಿಯನ್ನು ಜೋರುಮಾಡಿ ಕುದಿಸಬೇಕು. ಎಲ್ಲಿ ನಿಲ್ಲಿಸಬೇಕು? ನಮ್ಮ ಎರಡನೆಯ ಸೋಲು ಇಲ್ಲಿಯೇ. ಇಂಗ್ಲಿಷ್ ಪುಸ್ತಕದಲ್ಲಿ 220 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದಿತ್ತು. ನಾವು ಉಷ್ಣಮಾಪಕವನ್ನಿಳಿಸಿ ಪಾದರಸ ಆ ಗೆರೆಯನ್ನು ಮುಟ್ಟುವವರೆಗೆ ಕಾದೆವು. ಮಾರನೆಯ ದಿನ ಬಾಟಲಿಯಲ್ಲಿ ಚಮಚ ಇಳಿಯಲಿಲ್ಲ. ಎಳೆದರೆ ರಬ್ಬರಿನಂತೆ ಜಗ್ಗುತ್ತಿತ್ತು. ಹತ್ತು ಪಾವು ಸಕ್ಕರೆ ವ್ಯರ್ಥವಾಯಿತು. ಹಾಗೆಂದು ಪುಸ್ತಕವನ್ನು ದೂರುವಂತಿಲ್ಲ. ಅದನ್ನು ಬರೆದವರು ಕಡಲ ಮಟ್ಟದಲ್ಲಿ ಒಲೆ ಹೂಡಿದ್ದರು. ಅಲ್ಲಿ ನೀರು 212 ಡಿಗ್ರಿಗೆ ಕುದಿಯುತ್ತದೆ. ಮೈಸೂರು ಕಡಲಿಗಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ. ವಾಯುಭಾರ ಕಡಮೆಯಾದುದರಿಂದ ಇಲ್ಲಿ ನೀರು ಸುಮಾರು 207ಕ್ಕೇ ಕುದಿಯುತ್ತದೆ. ಜೆಲ್ಲಿಯ ನೂರು ಪಾಲಿನಲ್ಲಿ ಸಕ್ಕರೆ ಸುಮಾರು 65 ಪಾಲಾದಾಗ ಅದರ ಕುದಿ ನೀರಿನ ಕುದಿಗಿಂತ ಎಂಟು ಡಿಗ್ರಿ ಮೇಲಿರುತ್ತದೆ. ಎಂದರೆ ನಮ್ಮ ಗೆರೆ 215. ಮಂಗಳೂರಿನವರಿಗೆ ಪುಸ್ತಕದ ಲೆಕ್ಕವೇ ಸರಿ. ಮಡಿಕೇರಿಯವರು ನಮಗಿಂತಲೂ ಮೊದಲೇ ಪಾತ್ರೆಯನ್ನಿಳಿಸಬೇಕು. ಯಾರಾದರೂ ಮೊದಲು ತಮ್ಮ ಒಲೆಯ ಮೇಲೆ ಬರಿಯ ನೀರನ್ನು ಕುದಿಸಿ ಅಳೆದು, ಅದಕ್ಕೆ ಎಂಟನ್ನು ಕೂಡಿಸಿಕೊಳ್ಳುವುದು ಕ್ಷೇಮ.

ನಮ್ಮ ಮನೆಯ ಹಿರಿಯ ಅತ್ತಿಗೆಯವರು ಉಷ್ಣಮಾಪಕವನ್ನು ಮುಟ್ಟಿದವರಲ್ಲ. ಸಕ್ಕರೆಯ ಪಾಕವನ್ನು ಬೆರಳ ನಡುವೆ ಎಳೆದು ನೋಡುವ ಕೈ ಅವರದು. ಮೂರನೆಯ ವರ್ಷ ಮರದ ಸೌಟನ್ನು ಅದ್ದಿ ಎತ್ತಿ ಓರೆಯಾಗಿ ಹಿಡಿದರು. ಮೊದಲು ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದುದು, ಸ್ವಲ್ಪ ಹೊತ್ತಿನಲ್ಲಿ ಎರಡು ಹನಿ ಒಂದಾಗಿ ಸೌಟಿನ ಅಂಚಿನಿಂದ ಹಾಳೆಯಂತೆ ಜಾರಿ ಬಿದ್ದಿತು. “ಇಳಿಸಿಬಿಡಿ” ಎಂದರು. ನಾವು ಪಾದರಸವನ್ನು ನೋಡಿದೆವು: 215.

ನೊರೆಯನ್ನು ತೆಗೆದು, ಕುದಿನೀರಿನಲ್ಲಿ ಬೇಯಿಸಿ ಒಣಗಿಸಿದ ಬಾಟಲಿಗಳಿಗೆ ಬಿಸಿಯಿರುವಾಗಲೇ ತುಂಬಿ, ಹೆಪ್ಪುಗಟ್ಟುವವರೆಗೆ ಅಲುಗಿಸದೆ ಇಡಬೇಕು. ಬಿಳಿಯ ತಿರುಳಿನ ಹಣ್ಣಾದರೂ ಕಾದು ಕಾದು ಕೆಂಜೇನಿನ ಬಣ್ಣಕ್ಕೆ ಬರುತ್ತದೆ. ಬಟ್ಟೆಯಲ್ಲಿ ಉಳಿದ ತಿರುಳನ್ನೂ ಎಸೆಯಬೇಕಾಗಿಲ್ಲ. ಜರಡಿಯಲ್ಲಿ ತಿಕ್ಕಿ ಬೀಜ ಕಳೆದು, ಸಕ್ಕರೆ ತುಪ್ಪ ಹಾಕಿ ಕೆದಕಿದರೆ ಹಲ್ವವಾಗುತ್ತದೆ. ಆ ವರ್ಷ ನೆರೆಮನೆಗೆ ಹಣ್ಣಿನ ಬದಲು ಒಂದು ಬಾಟಲಿ ಕಳುಹಿಸಿದೆವು. ಎರಡು ದಿನದ ಮೇಲೆ ಬಾಟಲಿ ಬರಿದಾಗಿ ಹಿಂದಿರುಗಿತು. ಅದರ ಸಂಗಡ ಅವರ ಹಿತ್ತಿಲಿನ ದೋರೆಗಾಯಿ ಒಂದು ಬುಟ್ಟಿ.