ಕತ್ತರಿಗೆ ಸಿಕ್ಕ ಗಾಡ್‌ಜಿಲ್ಲಾ

ನಾನು ಹುಡುಗನಾಗಿದ್ದಾಗ ಚನ್ನಪಟ್ಟಣದ ಬಯಲಿನಲ್ಲಿ ಹಾಕಿದ್ದ ಟೂರಿಂಗ್ ಟಾಕೀಸಿನಲ್ಲಿ, ನೆಲದ ಟಿಕೆಟ್ಟು ಪಡೆದು, ಮರಳಿನ ಮೇಲೆ ಕುಳಿತು ಗಾಡ್‌ಜಿಲ್ಲಾ ಚಿತ್ರವನ್ನು ನೋಡಿದೆ. ಸಮುದ್ರದಿಂದೆದ್ದ ದೈತ್ಯಮೃಗವೊಂದು ಟೋಕಿಯೋ ನಗರವನ್ನು ತುಳಿದುಹಾಕುತ್ತದೆ. ಚಿತ್ರದಲ್ಲಿ ಕೆಲವು ಜಪಾನೀಯರು ಇಂಗ್ಲಿಷ್ ಆಡುತ್ತಿದ್ದರು. ತುಟಿ ನಿಂತರೂ ಮಾತು ನಿಲ್ಲುತ್ತಿರಲಿಲ್ಲ. ಉಳಿದವರದು ಜಪಾನೀ ಮಾತೇ. ಅಲ್ಲಿ ಅಮೆರಿಕದ ಪತ್ರಕರ್ತನೊಬ್ಬ ಅವರೇನು ಹೇಳುತ್ತಿದ್ದಾರೆಂದು ಪಕ್ಕದವನನ್ನು ಕೇಳುತ್ತಿದ್ದ. ಇಲ್ಲಿ ನಾವು ಅದನ್ನೇ ನಮ್ಮ ಮೇಷ್ಟರನ್ನು ಕೇಳುತ್ತಿದ್ದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಮನೆಗೆ ಮರಳಿದೆವು.

ಎಷ್ಟೋ ವರ್ಷಗಳ ಅನಂತರ ಮೂಲ ಜಪಾನೀ ಚಿತ್ರವನ್ನು ನೋಡುವ ಅವಕಾಶ ಒದಗಿತು. ಈ ಸಲ ನಗು ಬರಲಿಲ್ಲ.

ಇಷಿರೊ ಹೋಂಡಾ 1954ರಲ್ಲಿ ನಿರ್ದೇಶಿಸಿದ ಆ ಚಿತ್ರದ ಹೆಸರು ‘ಗೋಜಿರಾ’. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಮೆರಿಕವು ಬಿಕಿನಿ ದ್ವೀಪದಲ್ಲಿ ನಡೆಸಿದ ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಜಪಾನೀ ಮೀನುಗಾರರ ಹಡಗೊಂದರ ಮೇಲೆ ವಿಷಬೂದಿ ಸುರಿದಿತ್ತು. ಚಿತ್ರದ ಮೃಗವು ಆ ಬೂದಿಯ ಭಯದಿಂದಲೇ ಹುಟ್ಟಿದುದು. ರೈಲಿನಲ್ಲಿ ಕುಳಿತ ಹೆಣ್ಣುಮಗಳೊಬ್ಬಳು, ನಾಗಸಾಕಿಯಲ್ಲಿ ಹೇಗೋ ಉಳಿದ ಜೀವಕ್ಕೆ ಈಗ ಇದೂ ಬಂತಲ್ಲ ಎಂದು ಮರುಗುತ್ತಾಳೆ. ಬಾಂಬಿನ ಪರೀಕ್ಷೆಗಳು ನಿಲ್ಲದಿದ್ದರೆ ಇಂಥ ಇನ್ನೊಂದು ಮೃಗ ಎದ್ದೀತೆಂದು ವೃದ್ಧ ವಿಜ್ಞಾನಿ ಕೊನೆಯಲ್ಲಿ ಎಚ್ಚರಿಸುತ್ತಾನೆ.

1956ರಲ್ಲಿ ಅಮೆರಿಕದ ವ್ಯಾಪಾರಿಗಳು 96 ನಿಮಿಷಗಳ ಈ ಚಿತ್ರವನ್ನು 80 ನಿಮಿಷಗಳಿಗೆ ಇಳಿಸಿದರು. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನನ್ನಾಗಿ ಮಾಡಿ, ಹೊಸ ದೃಶ್ಯಗಳನ್ನು ತೆಗೆದು ನಡುನಡುವೆ ಹೊಲಿದರು. ನಾಗಸಾಕಿಯ ಮಾತು ಹೋಯಿತು. ಮುದುಕನ ಎಚ್ಚರಿಕೆಯೂ ಹೋಯಿತು. ಲೋಕಕ್ಕೆ ಮರಳಿ ಬದುಕು ಬಂತೆಂಬ ಸಮಾಧಾನವು ಆ ಜಾಗದಲ್ಲಿ ಕುಳಿತಿತು. ಮೃಗ ಉಳಿಯಿತು, ಅದನ್ನು ಹಡೆದ ನೋವು ಅಳಿಯಿತು.

ಡಬ್ಬಿಂಗ್ ಎಂದೊಡನೆ ಕನ್ನಡಿಗರಿಗೆ ಬೇರೊಂದು ಕಥೆ ನೆನಪಾಗುತ್ತದೆ. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಅದನ್ನು ವಿರೋಧಿಸಿದರು. ಎಳೆಯ ಕನ್ನಡ ಚಿತ್ರರಂಗಕ್ಕೆ ಅಂದು ಆಸರೆ ಬೇಕಾಗಿತ್ತು. ಡಬ್ಬಿಂಗಿಗೆ ಚಿತ್ರೋದ್ಯಮ ಒಡ್ಡಿದ್ದ ತಡೆಯು ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ತೀರ್ಪಿತ್ತಿತು. ಈಗ ಪರಭಾಷೆಯ ಚಿತ್ರಗಳು ಕನ್ನಡದಲ್ಲಿಯೇ ಮಾತನಾಡುತ್ತಿವೆ. ನನಗೆ ಅದರಲ್ಲಿ ಅಸಮಾಧಾನವಿಲ್ಲ. ನಾಲಗೆ ಬದಲಾದರೆ ಕೃತಿ ಸಾಯುವುದಿಲ್ಲ. ಆದರೆ ಅದರ ಅಳಲನ್ನು ಕತ್ತರಿಸಿದರೆ ಉಳಿಯುವುದು ಬರಿಯ ಆಟಿಕೆ. ಬಂದ ಚಿತ್ರ ಇಡಿಯಾಗಿ ಬಂದಿದೆಯೇ ಎಂದು ಕೇಳುವ ಹಕ್ಕು ನೋಡುವವರದು.

ಅಂದು ನಮ್ಮ ಮೇಷ್ಟರು ಅರ್ಥ ಹೇಳುವುದರಲ್ಲಿ ತಪ್ಪಲಿಲ್ಲ. ಹೇಳಬೇಕಾಗಿದ್ದ ಮಾತನ್ನೇ ಅವರಿಗಾಗಿ ಯಾರೂ ಉಳಿಸಿರಲಿಲ್ಲ.