ಸ್ಮರಣೆ ಹೆಚ್ಚಿದ ಗಣಕವು ನಿಲ್ಲುವುದೇಕೆ?

ಯಂತ್ರವೊಂದಕ್ಕೆ ಹೊಸ ಅಂಗವನ್ನು ಜೋಡಿಸಿದರೆ ಅದರ ಸಾಮರ್ಥ್ಯವು ಹೆಚ್ಚಬೇಕೆಂದು ನಿರೀಕ್ಷಿಸುವುದು ಸಹಜವಷ್ಟೆ. ಗಣಕಯಂತ್ರದ ವಿಷಯದಲ್ಲಿ ಒಮ್ಮೊಮ್ಮೆ ಇದಕ್ಕೆ ವಿರುದ್ಧವಾದುದು ನಡೆಯುವುದುಂಟು. ದಾವಣಗೆರೆಯ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಗಣಕದಲ್ಲಿದ್ದ 8 ಗಿಗಾಬೈಟಿನ ರ್‍ಯಾಮ್ ಪಟ್ಟಿಯ ಜೊತೆಗೆ ಅಷ್ಟೇ ಸಾಮರ್ಥ್ಯದ ಇನ್ನೊಂದನ್ನು ಕೂಡಿಸಿದನೆಂದು ಭಾವಿಸೋಣ. ಗಣಕವು 16 ಗಿಗಾಬೈಟ್ ಎಂದೇ ತೋರಿಸುವುದು. ಆದರೆ ಅರ್ಧ ಗಂಟೆಯೊಳಗೆ ಪರದೆಯು ನೀಲಿಯಾಗಿ ಕೆಲಸವೆಲ್ಲ ನಿಂತುಬಿಡುವುದು. ಇದಕ್ಕೆ ಕಾರಣವೇನು?

ಇದನ್ನು ತಿಳಿಯಲು ರ್‍ಯಾಮಿನ ರಚನೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ಇಂಜಿನಿಯರು ಇದಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. ಇದರಲ್ಲಿ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರು, ಒಂದು ಕಿರಿಯ ಕೆಪಾಸಿಟರು ಇರುತ್ತವೆ. ಕೆಪಾಸಿಟರಿನಲ್ಲಿ ವಿದ್ಯುದಂಶವಿದ್ದರೆ 1, ಇಲ್ಲದಿದ್ದರೆ 0 ಎಂದು ಸಾಮಾನ್ಯವಾಗಿ ಎಣಿಕೆ. ಆದರೆ ಈ ಕೆಪಾಸಿಟರು ತೂತುಬಿದ್ದ ಕೊಡದಂತೆ. ಅದರಲ್ಲಿಯ ವಿದ್ಯುದಂಶವು ಸದಾ ಸೋರುತ್ತಿರುವುದು. ಆದುದರಿಂದ ಪ್ರತಿಯೊಂದು ಕೋಶವನ್ನೂ ಸುಮಾರು 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ 15 ಬಾರಿಗಿಂತ ಹೆಚ್ಚಾಗಿ, ಓದಿ ಮತ್ತೆ ತುಂಬಬೇಕು. 8 ಗಿಗಾಬೈಟಿನಲ್ಲಿ ಇಂತಹ ಕೋಶಗಳು 6,871 ಕೋಟಿಗೂ ಮಿಗಿಲು. ಇವುಗಳಲ್ಲಿ ಒಂದೇ ಒಂದು ತಪ್ಪಿದರೂ ಗಣಕವು ದಾರಿತಪ್ಪಬಹುದು.

ಇಲ್ಲಿ ಕಾಲದ ಹೊಂದಾಣಿಕೆಯೇ ಮುಖ್ಯ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಒಂದು ಕಾಲಕ್ಕೆ ಲೇತುಗಳಿಗೆ ಹೆಸರಾಗಿದ್ದಿತು. ಲೇತಿನ ಎರಡು ಭಾಗಗಳು ಬಿಡಿಬಿಡಿಯಾಗಿ ಅಳತೆಗೆ ಸರಿಯಿದ್ದರೆ ಸಾಲದು, ಒಂದರೊಡನೊಂದು ಕೂಡಿದಾಗಲೂ ಹೊಂದಬೇಕು. ರ್‍ಯಾಮ್ ಪಟ್ಟಿಗಳದೂ ಹೀಗೆಯೇ. ಎರಡರ ವೇಗವು ಬೇರೆಯಾದರೆ ಗಣಕವು ಸಾಮಾನ್ಯವಾಗಿ ನಿಧಾನವಾದುದರ ವೇಗಕ್ಕೇ ಎರಡನ್ನೂ ನಡೆಸುವುದು. ಆದರೂ ಬೇರೆ ಬೇರೆ ತಯಾರಕರ ಪಟ್ಟಿಗಳು ಕೂಡಿದಾಗ ಸಂಕೇತಗಳು ಕ್ಷಣಾಂಶದಷ್ಟು ಹಿಂದುಮುಂದಾಗಿ, 1 ಎಂಬುದನ್ನು 0 ಎಂದು ಓದುವ ಸಂಭವವುಂಟು. ಇದಲ್ಲದೆ, ಪಟ್ಟಿಯು ಗೂಡಿನಲ್ಲಿ ಪೂರ್ತಿ ಕೂರದಿರಬಹುದು. ಸಂಪರ್ಕಗಳಲ್ಲಿ ಧೂಳು ಸೇರಿರಬಹುದು. ಬಯಲುಸೀಮೆಯ ಗಾಳಿ ಒಣಗಿರುವ ತಿಂಗಳುಗಳಲ್ಲಿ ಸ್ಥಿರವಿದ್ಯುತ್ತೂ ಒಂದು ಶತ್ರು. ನಮ್ಮ ಬೆರಳಿಗೆ ಕಿಡಿಯ ಅನುಭವವಾಗಲು ಸುಮಾರು 3,000 ವೋಲ್ಟ್ ಬೇಕು. ಚಿಪ್ಪನ್ನು ಕೆಡಿಸಲು ಕೆಲವು ನೂರು ವೋಲ್ಟುಗಳೇ ಸಾಕು! ಆದುದರಿಂದ ವಿದ್ಯುತ್ ಸಂಪರ್ಕವನ್ನು ತೆಗೆದು, ಬಣ್ಣವಿಲ್ಲದ ಲೋಹವೊಂದನ್ನು ಮುಟ್ಟಿ, ಪಟ್ಟಿಯನ್ನು ಅಂಚುಗಳಲ್ಲಿಯೇ ಹಿಡಿಯಬೇಕು.

ಇಷ್ಟೊಂದು ಕಾರಣಗಳಲ್ಲಿ ನಿಜವಾದುದನ್ನು ಹುಡುಕುವ ಬಗೆ ಹೇಗೆ? ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು.

ಮೊದಲು ಹೊಸ ಪಟ್ಟಿಯನ್ನು ತೆಗೆದು, ಹಳೆಯದೊಂದರಿಂದಲೇ ನಡೆಸಿ ನೋಡಬೇಕು. ಆಗಲೂ ಗಣಕವು ನಿಂತರೆ ತಪ್ಪನ್ನು ಹೊಸ ಪಟ್ಟಿಯ ಮೇಲೆ ಹೊರಿಸಲಾಗದು. ನಿಲ್ಲದಿದ್ದರೆ, ಅದೇ ಗೂಡಿನಲ್ಲಿ ಹೊಸದನ್ನು ಮಾತ್ರ ಇರಿಸಬೇಕು. ಈಗ ತಪ್ಪು ಕಂಡರೆ ಪಟ್ಟಿಯೇ ದೋಷಯುಕ್ತ; ಅದನ್ನು ಹಿಂದಿರುಗಿಸುವುದು ಲೇಸು. ಸರಿಯಾಗಿ ನಡೆದರೆ ಅದನ್ನೇ ಎರಡನೆಯ ಗೂಡಿಗೆ ಬದಲಿಸಬೇಕು. ಅಲ್ಲಿ ಮಾತ್ರ ತಪ್ಪು ಬಂದರೆ ಗೂಡಿನ ದೋಷವೆನ್ನಬಹುದು. ಎಲ್ಲವೂ ಒಂಟಿಯಾಗಿ ಸರಿಯಿದ್ದು, ಕೂಡಿದಾಗ ಮಾತ್ರ ಕೆಡುವುದಾದರೆ ಅದು ಹೊಂದಾಣಿಕೆಯ ಕೊರತೆ. ಬಯೋಸಿನಲ್ಲಿ ವೇಗವನ್ನು ತಗ್ಗಿಸಿದರೆ ಇದು ಅನೇಕ ವೇಳೆ ಪರಿಹಾರವಾಗುವುದು. ಆಗದಿದ್ದರೆ ಜೋಡಿಯಾಗಿಯೇ ಮಾರುವ ಪಟ್ಟಿಗಳನ್ನು ಕೊಳ್ಳಬೇಕು.

ಪ್ರತಿಯೊಂದು ಹಂತದಲ್ಲಿಯೂ ಮೆಮ್‌ಟೆಸ್ಟ್86ರಂತಹ ಪರೀಕ್ಷಾ ಕಾರ್ಯಕ್ರಮವನ್ನು ಹಲವು ಸುತ್ತು ನಡೆಸುವುದು ಉತ್ತಮ. ಇದು ಕೋಶಗಳಲ್ಲಿ ಗೊತ್ತಾದ ಅಂಕಿಗಳನ್ನು ಬರೆದು, ಮತ್ತೆ ಓದಿ ಹೋಲಿಸುತ್ತದೆ. ಇಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಂಕವೂ ಉತ್ತೀರ್ಣವಲ್ಲ. ಒಂದು ತಪ್ಪು ಕಂಡರೂ ಅನುತ್ತೀರ್ಣವೇ.

ಗಣಕವು ನಿಂತುಬಿಡುವುದು ತೊಂದರೆಯೆಂಬುದೇನೋ ನಿಜ. ಆದರೆ ನಿಲ್ಲದೆಯೇ ತಪ್ಪುತ್ತಿರುವ ಗಣಕವು ಇನ್ನೂ ಅಪಾಯಕರ. ಕೆಟ್ಟ ಬಿಟ್ಟೊಂದು ವರ್ಷದ ಪ್ರಾಜೆಕ್ಟ್ ವರದಿಯೊಳಗೆ ಸದ್ದಿಲ್ಲದೆ ಸೇರಿ, ಡಿಸ್ಕಿನಲ್ಲಿ ಹಾಗೆಯೇ ಉಳಿದುಬಿಡಬಹುದು. ಆದುದರಿಂದ ಹೊಸ ಪಟ್ಟಿಯನ್ನು ಹಾಕುವ ಮೊದಲೇ ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಪರೀಕ್ಷೆ ಮುಗಿಯುವವರೆಗೆ ಆ ಗಣಕದಲ್ಲಿ ಬೆಲೆಯುಳ್ಳ ಕೆಲಸವನ್ನು ಮಾಡಬಾರದು.